ಬಿಸಿಲ ನಾಡಿನ ಕೈತೋಟ: ಮೊದಲು ಬೇರು ಉಳಿಸಿಕೊಳ್ಳಿ

ಶಿವರಾತ್ರಿ ಮುಗಿಯಿತೆಂದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಬಿಸಿಲು ಚುರುಗುಟ್ಟಲು ಶುರು. ಯುಗಾದಿ ಹೊತ್ತಿಗೆ ಗಾಳಿಯೂ ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಚಳಿಗಾಲದಲ್ಲಿ ಬುಟ್ಟಿಗಟ್ಟಲೆ ಕಾಯಿ ಕೊಟ್ಟ ಟೊಮೆಟೊ ಈಗ ಹೂವು ಉದುರಿಸುತ್ತದೆ. ಮೆಂತ್ಯೆ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಸೌತೆಕಾಯಿ ಕಹಿಯಾಗುತ್ತದೆ. ‘ನಮ್ಮೂರಾಗ ಬ್ಯಾಸಗಿಗೆ ಕಾಯಿಪಲ್ಲೆ ಬರಂಗಿಲ್ರಿ’ ಎಂದು ಎಷ್ಟೋ ಮಂದಿ ಕುಂಡಗಳನ್ನು ಬೋರಲು ಹಾಕಿ ಮಳೆಗಾಲದ ದಾರಿ ಕಾಯುತ್ತಾರೆ.

ಹಾಗೆ ಮಾಡಬೇಡಿ. ಈ ಬಿಸಿಲಿಗೆ ಹೊಂದಿಕೊಳ್ಳುವ ಕಾಯಿಪಲ್ಲೆ ಬೇಕಾದಷ್ಟಿವೆ. ನಾವು ಗಿಡದ ಎಲೆ ನೋಡಿ ಗಾಬರಿಯಾಗುತ್ತೇವೆ, ಎಲೆಗೆ ನೀರು ಚಿಮುಕಿಸುತ್ತೇವೆ. ಆದರೆ ಬೇಸಿಗೆಯಲ್ಲಿ ಗಿಡ ಸೋಲುವುದು ಹೆಚ್ಚಾಗಿ ಬೇರಿನಲ್ಲಿ. ಬೇರು ಇರುವ ಮಣ್ಣು ತಂಪಾಗಿ, ಹದವಾಗಿ ತೇವ ಹಿಡಿದುಕೊಂಡಿದ್ದರೆ ಮೇಲಿನ ಬಿಸಿಲನ್ನು ಗಿಡ ತಾನೇ ತಡೆದುಕೊಳ್ಳುತ್ತದೆ. ಕೆಳಗೆ ಹೇಳುವ ಕೆಲಸಗಳೆಲ್ಲ ಬಹುಪಾಲು ಅದಕ್ಕಾಗಿಯೇ.

ಮೊದಲ ಹೆಜ್ಜೆ: ಕಾಲಕ್ಕೆ ತಕ್ಕ ಬೆಳೆ

ಫೆಬ್ರುವರಿ ಕೊನೆಯಿಂದ ಮಾರ್ಚ್ ಒಳಗೆ ಬಿತ್ತುವುದು ಒಳ್ಳೆಯದು. ಸಸಿಗೆ ಬೇರು ಇಳಿಸಲು ಸ್ವಲ್ಪ ಸಮಯ ಸಿಗುತ್ತದೆ. ಚವಳಿಕಾಯಿ (ಗೋರಿಕಾಯಿ), ಬೆಂಡೆ, ಅಲಸಂದಿ, ಹೀರೆ, ಹಾಗಲ, ಸೋರೆ, ಬದನೆ, ಸೊಪ್ಪಿನಲ್ಲಿ ಪುಂಡಿಪಲ್ಲೆ (ಗೋಂಗುರ), ರಾಜಗಿರಿ, ಬಸಳೆ. ಇಷ್ಟರಲ್ಲಿ ನಾಲ್ಕು ಆರಿಸಿಕೊಂಡರೆ ಸಾಕು. ಚವಳಿಕಾಯಿಯಂತೂ ಬರ ತಡೆಯುವ ಬೆಳೆ. ಮಸಾರಿ (ಕೆಂಪು ಮಣ್ಣಿನ) ನೆಲವಾದರೂ ಹೆಚ್ಚು ಉಪಚಾರ ಕೇಳುವುದಿಲ್ಲ. ಮೊದಲ ಸಲ ಬೇಸಿಗೆ ತೋಟ ಮಾಡುವವರು ಇದರಿಂದಲೇ ಶುರು ಮಾಡಿ ಎನ್ನುತ್ತೇನೆ. ಪುಂಡಿಪಲ್ಲೆಯೂ ಅಷ್ಟೇ. ತುದಿ ಚಿವುಟಿದಷ್ಟೂ ಪಕ್ಕದಲ್ಲಿ ಚಿಗುರುತ್ತದೆ, ಜೋಳದ ರೊಟ್ಟಿಗೆ ಮನೆಯ ಪಲ್ಲೆ ಸಿಕ್ಕಂತಾಯಿತು.

ಬೆಂಡೆ ಬೀಜವನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಊರಿ. ಒಂದು ಗೇಣಿಗಿಂತ ಹತ್ತಿರ ಬೇಡ. ಸುಮಾರು 45ರಿಂದ 50 ದಿನಕ್ಕೆ ಕಾಯಿ ಕೀಳಬಹುದು. ಬೇಸಿಗೆಯಲ್ಲಿ ಬೆಂಡೆಗೆ ಹಳದಿ ನಂಜು ರೋಗ ಜಾಸ್ತಿ, ಎಲೆಯ ನರಗಳೆಲ್ಲ ಹಳದಿಯಾಗಿ ಗಿಡ ಕುಗ್ಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ತಳಿ ಈ ರೋಗ ತಡೆಯುವ ಗುಣಕ್ಕೇ ಹೆಸರಾದದ್ದು. ಬೀಜ ಕೊಳ್ಳುವಾಗ ಕೇಳಿ ನೋಡಿ.

ಇನ್ನು ಟೊಮೆಟೊ. ಹಗಲಿನ ಬಿಸಿ 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಅದರ ಹೂವಿನ ಪರಾಗ ಕೆಲಸ ಮಾಡುವುದಿಲ್ಲ. ನೀವು ಎಷ್ಟೇ ಗೊಬ್ಬರ ಹಾಕಿದರೂ ಹೂವು ಉದುರುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಟೊಮೆಟೊದಿಂದ ಕಾಯಿ ನಿರೀಕ್ಷಿಸಬೇಡಿ. ಗಿಡ ಜೀವ ಹಿಡಿದುಕೊಂಡಿದ್ದರೆ ಸಾಕು, ಹವಾ ತಣ್ಣಗಾದ ಮೇಲೆ ಮತ್ತೆ ಕಾಯಿ ಕಚ್ಚುತ್ತದೆ. ಕೊತ್ತಂಬರಿ, ಮೆಂತ್ಯೆ ಬೇಕೇ ಬೇಕೆಂದರೆ ನೆರಳಿನಲ್ಲಿ ಸ್ವಲ್ಪ ಸ್ವಲ್ಪ ಬಿತ್ತಿ, ಗೇಣುದ್ದ ಬರುವ ಮೊದಲೇ ಕಿತ್ತುಬಿಡಿ.

ಎರಡನೇ ಹೆಜ್ಜೆ: ಮಣ್ಣು ಮುಟ್ಟಿ ನೋಡಿ

ನಮ್ಮ ಕಡೆ ಒಂದೇ ಊರಿನಲ್ಲಿ ಎರಿಯೂ (ಕಪ್ಪು ಮಣ್ಣು) ಇದೆ, ಮಸಾರಿಯೂ ಇದೆ. ಎರಡಕ್ಕೂ ಒಂದೇ ಉಪಾಯ ನಡೆಯುವುದಿಲ್ಲ.

ಎರಿ ಮಣ್ಣು ನೀರು ಹಿಡಿದಿಡುತ್ತದೆ, ನಿಜ. ಆದರೆ ಒಣಗಿದರೆ ಬಿರಿಯುತ್ತದೆ. ಕೈಬೆರಳು ಇಳಿಯುವಷ್ಟು ಬಿರುಕು ಬಿಟ್ಟರೆ ಒಳಗಿನ ಸಣ್ಣ ಬೇರು ಹರಿಯುತ್ತವೆ, ಆಳದ ತೇವವೂ ಆ ಬಿರುಕಿನಿಂದ ಆರಿಹೋಗುತ್ತದೆ. ಬಿರುಕು ಕಾಣುವ ಮೊದಲೇ ಕಳೆ ತೆಗೆಯುವ ಕುರ್ಚಿಗೆಯಿಂದ ಮೇಲಿನ ಎರಡು ಬೆರಳಿನಷ್ಟು ಮಣ್ಣನ್ನು ಸಡಿಲಿಸಿ ಪುಡಿ ಮಾಡಿ. ಹೊಲದಲ್ಲಿ ಎಡೆ ಹೊಡೆಯುವುದು ಇದಕ್ಕೇ ಅಲ್ವಾ? ಮೇಲೆ ಪುಡಿಮಣ್ಣಿನ ಪದರ ಇದ್ದರೆ ಕೆಳಗಿನ ತೇವ ಅಷ್ಟು ಬೇಗ ಮೇಲೇರಿ ಆರುವುದಿಲ್ಲ.

ಮಸಾರಿಯಲ್ಲಿ ನೀರು ಬೇಗ ಇಳಿದುಹೋಗುತ್ತದೆ. ಅದಕ್ಕೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೇಕು. ‘ಕಳಿತ’ ಎಂಬುದನ್ನು ಮರೆಯಬೇಡಿ, ಹಸಿ ಸಗಣಿ ಹಾಕಿದರೆ ಅದರ ಕಾವಿಗೆ ಬೇರು ಸುಡುತ್ತದೆ. ಯೂರಿಯಾವನ್ನೂ ಈ ಎರಡು ತಿಂಗಳು ದೂರ ಇಡಿ. ಎಳೆ ಎಲೆ ಹೆಚ್ಚಾದಷ್ಟೂ ನೀರಿನ ಖರ್ಚು ಜಾಸ್ತಿ, ಹುಳದ ಕಾಟವೂ ಜಾಸ್ತಿ.

ಮೂರನೇ ಹೆಜ್ಜೆ: ನೀರು

ನಲ್ಲಿ ನೀರು ಯಾವಾಗ ಬರುತ್ತದೋ ಎಂದು ಕೊಡ ಸಾಲು ಹಚ್ಚಿ ಕೂರುವ ಓಣಿಗಳು ನಮ್ಮಲ್ಲಿವೆ. ಅಂಥಲ್ಲಿ ಗಿಡಕ್ಕೆ ಪೈಪ್ ಹಿಡಿದು ನಿಲ್ಲುವುದು ಮನಸ್ಸಿಗೂ ಒಪ್ಪುವುದಿಲ್ಲ. ಇರುವ ನೀರು ನೇರ ಬೇರಿಗೆ ಹೋಗಬೇಕು.

ದಿನಾ ನಾಲ್ಕು ಹನಿ ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಮೇಲಿನ ಒಂದಿಂಚು ಮಣ್ಣು ಮಾತ್ರ ನೆನೆಯುತ್ತದೆ, ಬೇರು ಅಲ್ಲೇ ಮೇಲೆ ಹರಡುತ್ತದೆ, ಆ ಒಂದಿಂಚೇ ಮಧ್ಯಾಹ್ನಕ್ಕೆ ಕಾದು ಕೆಂಡವಾಗುತ್ತದೆ. ನೆಲದ ಗಿಡಗಳಿಗೆ ಎರಡು ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಉಣಿಸಿ. ಕುಂಡಕ್ಕಾದರೆ ಬುಡದ ತೂತಿನಿಂದ ನೀರು ಹನಿಯುವವರೆಗೆ. ಮೇ ತಿಂಗಳಲ್ಲಿ ಸಣ್ಣ ಕುಂಡಗಳಿಗೆ ಬೆಳಗ್ಗೆ, ಸಂಜೆ ಎರಡೂ ಹೊತ್ತು ಬೇಕಾಗಬಹುದು. ಬೇಕೋ ಬೇಡವೋ ಎಂಬುದನ್ನು ಬೆರಳೇ ಹೇಳುತ್ತದೆ. ಎರಡನೇ ಗಿಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ತುದಿಗೆ ತಂಪು ತಗುಲಿ ಮಣ್ಣು ಅಂಟಿದರೆ ಇವತ್ತು ಬಿಡಿ.

ಮಧ್ಯಾಹ್ನ ಎರಡು ಗಂಟೆಗೆ ಸೋರೆ, ಹೀರೆ ಬಳ್ಳಿಗಳ ಎಲೆ ಜೋತುಬಿದ್ದಿರುತ್ತವೆ. ಕಂಡ ಕೂಡಲೇ ನೀರು ಸುರಿಯಬೇಡಿ. ಎಲೆಯಿಂದ ಆರಿಹೋಗುವಷ್ಟು ವೇಗದಲ್ಲಿ ಬೇರು ನೀರು ಕಳಿಸಲಾರದು, ಅಷ್ಟೇ. ಸಂಜೆ ಏಳರ ಹೊತ್ತಿಗೆ ಮತ್ತೆ ನೋಡಿ. ಎಲೆ ಎದ್ದಿದ್ದರೆ ಬಳ್ಳಿ ಗಟ್ಟಿಯಾಗಿದೆ. ಮರುದಿನ ಬೆಳಗ್ಗೆಯೂ ಜೋತೇ ಇದ್ದರೆ ಆಗ ಅದು ನಿಜವಾದ ಬಾಯಾರಿಕೆ ಅಥವಾ ಬೇರಿನ ರೋಗ.

ಇನ್ನೊಂದು ಮಾತು. ಮಾಳಿಗೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಪೈಪಿನಲ್ಲಿ ನಿಂತ ನೀರು ಸಂಜೆಗೆ ಸ್ನಾನಕ್ಕಾಗುವಷ್ಟು ಬಿಸಿ ಇರುತ್ತದೆ. ಅದನ್ನು ನೇರ ಬುಡಕ್ಕೆ ಬಿಟ್ಟರೆ ಎಳೆ ಸಸಿ ಬೇಯುತ್ತದೆ. ಬಕೆಟ್‌ನಲ್ಲಿ ಹಿಡಿದು ಆರಲು ಬಿಡಿ, ಇಲ್ಲವೇ ಬೆಳಗ್ಗೆ ಸೂರ್ಯ ಏಳುವ ಮುಂಚೆ ಹಾಕಿ. ನನಗೆ ಬೆಳಗಿನ ಹೊತ್ತೇ ಸರಿ ಅನಿಸುತ್ತದೆ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಸಾಬೂನಿನ ನೀರು ಸೊಪ್ಪಿಗೆ ಬೇಡ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಉಪ್ಪು ಜಾಸ್ತಿ, ದಿನವೂ ಕುಂಡಕ್ಕೆ ಅದನ್ನೇ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿ ಎಲೆಯಂಚು ಸುಟ್ಟಂತಾಗುತ್ತದೆ. ಸವಳು (ಉಪ್ಪುಪ್ಪಾದ) ಬೋರಿನ ನೀರಿಗೂ ಇದೇ ಮಾತು. ಸಿಂಧನೂರು, ಗಂಗಾವತಿ ಕಡೆಯವರಿಗೆ ಸವಳು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಗಡಿಗೆ ಹೂಳುವುದು

ನೀರು ಉಳಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ. ಬೇಸಿಗೆ ಸಂತೆಯಲ್ಲಿ ಮಣ್ಣಿನ ಗಡಿಗೆ ಹೇಗೂ ಬರುತ್ತವೆ. ನಾಲ್ಕೈದು ಲೀಟರ್ ಹಿಡಿಯುವ, ಬಣ್ಣ ಬಳಿಯದ ಗಡಿಗೆ ಬೇಕು. ನೀರು ತುಂಬಿ ನೆರಳಿನಲ್ಲಿಡಿ. ಸ್ವಲ್ಪ ಹೊತ್ತಿಗೆ ಹೊರಮೈ ಕಪ್ಪಾಗಿ, ಕೈ ಇಟ್ಟರೆ ಒದ್ದೆ ಹತ್ತಬೇಕು. ಅದು ಜಿನುಗುವ ಗಡಿಗೆ. ಬಾಯಿಯ ಅಂಚು ಒಡೆದಿದ್ದರೂ ನಡೆಯುತ್ತದೆ, ಹೊಟ್ಟೆ ಸೀಳಿರಬಾರದು. ಹಳೆಯ ಕುಡಿಯುವ ನೀರಿನ ಗಡಿಗೆಯಾದರೆ ನೀರಿನ ಉಪ್ಪು ಅದರ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ, ತೆಂಗಿನ ನಾರಿನಿಂದ ಉಜ್ಜಿ ಮತ್ತೆ ನೋಡಿ.

ಗಡಿಗೆಗಿಂತ ಅಗಲವಾದ ಗುಂಡಿ ತೋಡಿ, ಮಣ್ಣಿಗೆ ಗೊಬ್ಬರ ಬೆರೆಸಿ, ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಹೂಳಿ. ಸುತ್ತ ಮಣ್ಣನ್ನು ಚೆನ್ನಾಗಿ ಒತ್ತಿ. ಗಡಿಗೆಗೂ ಮಣ್ಣಿಗೂ ನಡುವೆ ಪೊಳ್ಳು ಉಳಿದರೆ ನೀರು ಸಾಗುವುದಿಲ್ಲ. ಗಡಿಗೆಯ ಮೈಯಿಂದ ನಾಲ್ಕು ಬೆರಳು ದೂರಕ್ಕೆ ಸುತ್ತಲೂ ಮೂರು ನಾಲ್ಕು ಕಡೆ ಹೀರೆ, ಹಾಗಲ ಬೀಜ ಊರಿ. ಮೊಳೆತು ಬೇರು ಹಿಡಿಯುವವರೆಗೆ ಮೇಲಿನಿಂದಲೂ ಸ್ವಲ್ಪ ನೀರು ಬೇಕು. ಆಮೇಲೆ ಬೇರುಗಳೇ ಗಡಿಗೆಯನ್ನು ಹುಡುಕಿಕೊಂಡು ಬರುತ್ತವೆ. ಮಣ್ಣು ಒಣಗಿದಷ್ಟೂ ಗಡಿಗೆ ಹೆಚ್ಚು ಜಿನುಗುತ್ತದೆ, ತೇವವಿದ್ದಾಗ ಕಡಿಮೆ. ಬಾಯಿಗೆ ಮುಚ್ಚಳ ಕಡ್ಡಾಯ. ಸೊಳ್ಳೆ ಮೊಟ್ಟೆ ಇಡಬಾರದು, ನೀರೂ ಸುಮ್ನೆ ಆರಬಾರದು. ಎರಡು ಮೂರು ದಿನಕ್ಕೊಮ್ಮೆ ಇಣುಕಿ ತುಂಬಿಸಿ.

ನಾಲ್ಕನೇ ಹೆಜ್ಜೆ: ನೆಲ ಮುಚ್ಚಿ, ಬಿಸಿಲು ಸೋಸಿ

ಬರಿ ನೆಲಕ್ಕೆ ಬಿಸಿಲು ಬೀಳಬಾರದು. ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಭತ್ತದ ಹುಲ್ಲು, ಕತ್ತರಿಸಿದ ಜೋಳದ ಕಣಿಕೆ, ಒಣಗಿದ ಬೇವಿನೆಲೆ, ಏನು ಸಿಕ್ಕರೂ ಸರಿ. ಮೊದಲು ನೀರು ಉಣಿಸಿ, ಮೇಲೆ ಮೂರು ನಾಲ್ಕು ಬೆರಳು ದಪ್ಪ ಹೊದಿಸಿ. ಕಾಂಡಕ್ಕೆ ತಾಗದಂತೆ ಸುತ್ತ ಒಂದಿಷ್ಟು ಜಾಗ ಬಿಡಿ. ಒಂದು ಮಧ್ಯಾಹ್ನ ಹೊದಿಕೆಯ ಕೆಳಗೊಮ್ಮೆ, ಪಕ್ಕದ ಬರಿ ನೆಲದ ಮೇಲೊಮ್ಮೆ ಅಂಗೈ ಇಟ್ಟು ನೋಡಿ, ವ್ಯತ್ಯಾಸ ತಿಳಿಯುತ್ತದೆ. ಗೆದ್ದಲು ಕಂಡರೆ ಹೊದಿಕೆ ಸರಿಸಿ, ಬೇವಿನ ಹಿಂಡಿ ಉದುರಿಸಿ ಮತ್ತೆ ಮುಚ್ಚಿ.

ನೆರಳಿಗೆ ಅರ್ಧ ಬಿಸಿಲು ತಡೆಯುವ (ಶೇ 50ರ) ಹಸಿರು ನೆರಳು ಪರದೆ ಸಾಕು. ಹಣ ಖರ್ಚು ಮಾಡಲು ಇಷ್ಟವಿಲ್ಲದವರು ಹಳೆಯ ಕಾಟನ್ ಸೀರೆ ಕಟ್ಟಬಹುದು. ಗಿಡದ ತುದಿಗಿಂತ ಎರಡಡಿ ಮೇಲಿರಲಿ, ಬದಿಗಳು ತೆರೆದಿರಲಿ. ಬೇಕಾದದ್ದು ಹನ್ನೊಂದರಿಂದ ನಾಲ್ಕರವರೆಗಿನ ನೆರಳು. ಬೆಳಗಿನ ಬಿಸಿಲು ತಪ್ಪಿಸಬೇಡಿ. ಪಡುವಣ ದಿಕ್ಕಿನ ಬಿಸಿಲೇ ಹೆಚ್ಚು ಕಾಡುವುದು. ಆ ಬದಿಗೆ ಒತ್ತಾಗಿ ಎರಡು ಸಾಲು ಸಜ್ಜೆ ಅಥವಾ ಜೋಳ ಬಿತ್ತಿದರೆ ಬಿಸಿಗಾಳಿಗೂ ತಡೆಯಾಯಿತು.

ಮಾಳಿಗೆ ತೋಟದವರು ಕುಂಡಗಳನ್ನು ನೇರ ಸ್ಲ್ಯಾಬಿನ ಮೇಲೆ ಇಡಬೇಡಿ, ಅದು ರಾತ್ರಿ ಕೂಡ ಕಾವು ಬಿಡುತ್ತಿರುತ್ತದೆ. ಇಟ್ಟಿಗೆ ಮೇಲಿಟ್ಟು, ಒಂದಕ್ಕೊಂದು ಒತ್ತಾಗಿ ಸೇರಿಸಿ, ಹೊರಸಾಲಿನ ಕುಂಡಗಳಿಗೆ ಗೋಣಿಚೀಲ ಸುತ್ತಿ.

ಐದನೇ ಹೆಜ್ಜೆ: ಹೂವು ಕಾಯಿಯಾಗಲು ಕೈಜೋಡಿಸಿ

‘ಬಳ್ಳಿ ತುಂಬ ಹೂವು, ಒಂದೂ ಕಾಯಿಲ್ಲ’ ಎಂಬ ದೂರು ಬೇಸಿಗೆಯಲ್ಲಿ ಸಾಮಾನ್ಯ. ಬಿಸಿ ಹೆಚ್ಚಾದಾಗ ಬಳ್ಳಿಗಳಲ್ಲಿ ಗಂಡು ಹೂವೇ ಜಾಸ್ತಿ, ಜೇನುನೊಣಗಳ ಓಡಾಟವೂ ಕಡಿಮೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರ ಇರುತ್ತದೆ, ಗಂಡು ಹೂವಿಗೆ ಬರಿ ತೊಟ್ಟು. ಗಂಡು ಹೂವು ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹೀರೆ, ಸೋರೆ ಹೂವು ಅರಳುವುದು ಸಂಜೆ. ಸೌತೆ, ಹಾಗಲ ಅರಳುವುದು ಬೆಳಗ್ಗೆ. ಹೊತ್ತು ತಪ್ಪಿದರೆ ಕೆಲಸ ಕೆಟ್ಟಿತು.

ಸೋರೆಕಾಯಿ ಕೊಯ್ದ ಮೇಲೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಅಡುಗೆಗೂ ಬೇಡ, ರಸವಂತೂ ಬೇಡವೇ ಬೇಡ. ಕಹಿ ಸೋರೆಕಾಯಿ ತಿಂದರೆ ಆರೋಗ್ಯ ತೀರಾ ಕೆಡುತ್ತದೆ.

ಆರನೇ ಹೆಜ್ಜೆ: ಎಲೆಯ ಕೆಳಗೆ ನೋಡಿ

ಒಣ ಹವೆಗೆ ನುಸಿ, ಥ್ರಿಪ್ಸ್, ಬಿಳಿನೊಣ ಹೆಚ್ಚುತ್ತವೆ. ಮೆಣಸಿನ ಎಲೆ ಮುದುರಿದರೆ, ಬದನೆ ಎಲೆ ಧೂಳು ಹಿಡಿದಂತೆ ಮಂಕಾದರೆ ಅದು ಇವುಗಳ ಕೆಲಸ. ಬೆಳಗ್ಗೆ ಎಲೆಯ ಕೆಳಮೈಗೆ ಜೋರಾಗಿ ನೀರು ಚಿಮ್ಮಿಸಿದರೆ ನುಸಿ ಎಷ್ಟೋ ಕಡಿಮೆಯಾಗುತ್ತದೆ. ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಮೂರು ಹನಿ ದ್ರವ ಸಾಬೂನು ಬೆರೆಸಿ ಸಿಂಪಡಿಸಿ. ಹೊತ್ತು ಮುಳುಗಿದ ಮೇಲೆ ಮಾತ್ರ. ಬಿಸಿಲಿನಲ್ಲಿ ಎಣ್ಣೆ ಬಿದ್ದರೆ ಎಲೆ ಸುಡುತ್ತದೆ. ಹಳದಿ ನಂಜು ಹತ್ತಿದ ಬೆಂಡೆ ಗಿಡವನ್ನು ಉಳಿಸಲು ಹೋಗದೆ ಕಿತ್ತುಹಾಕಿ.

ಮಳೆ ಬಂದಾಗ

ಮೇ ತಿಂಗಳ ಗುಡುಗು ಮಳೆ ಗಾಳಿ ಹೊತ್ತೇ ಬರುತ್ತದೆ. ಬಳ್ಳಿಗೆ ಗಟ್ಟಿ ಚಪ್ಪರ, ಬದನೆಗೆ ಆಸರೆ ಕೋಲು ಮೊದಲೇ ಕಟ್ಟಿಡಿ. ಮೊದಲ ದೊಡ್ಡ ಮಳೆಗೆ ಕುಂಡಗಳನ್ನೆಲ್ಲ ಬಯಲಿಗೆ ಇಟ್ಟುಬಿಡಿ. ಬೇಸಿಗೆಯಿಡೀ ಮಣ್ಣಿನಲ್ಲಿ ಕೂತ ಉಪ್ಪು ಆ ನೀರಿಗೆ ತೊಳೆದುಹೋಗಲಿ. ರೋಹಿಣಿ ಮಳೆ ಕಾಲಿಡುವ ಮುನ್ನ ಹಳೆಯ ಬದನೆ, ಮೆಣಸಿನ ಗಿಡಗಳ ಒಣ ರೆಂಬೆ ಕತ್ತರಿಸಿ, ಬುಡಕ್ಕೆ ಒಂದೊಂದು ಬೊಗಸೆ ಗೊಬ್ಬರ ಹಾಕಿ. ಮೃಗಶಿರಾ ಹೊತ್ತಿಗೆ ಹೊಸ ಚಿಗುರು ಬಂದಿರುತ್ತದೆ.