ಐದಾರು ಕೋಶಗಳ ಪರೀಕ್ಷೆ: ಭ್ರೂಣಶಾಸ್ತ್ರಜ್ಞೆಯೊಬ್ಬಳ ಅನುಭವ

ಬೆಂಗಳೂರಿನ ಬಂಜೆತನ ಚಿಕಿತ್ಸಾ ಕೇಂದ್ರವೊಂದರ ಪ್ರಯೋಗಾಲಯದಲ್ಲಿ ನಾನು ಭ್ರೂಣಶಾಸ್ತ್ರಜ್ಞೆ. ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲು ಮಾಡುವ ಆನುವಂಶಿಕ ಪರೀಕ್ಷೆಯ (ಪಿಜಿಟಿ) ಬಗ್ಗೆ ವಿಚಾರಿಸಿಕೊಂಡು ಬರುವವರಲ್ಲಿ ಹೆಚ್ಚಿನವರು, ಅದನ್ನು ಮಾಡಿಸಿದರೆ ಭ್ರೂಣವೇ ಸುಧಾರಿಸುತ್ತದೆ ಎಂದು ತಿಳಿದಿರುತ್ತಾರೆ. ಪರೀಕ್ಷೆಗೆ ಆ ಶಕ್ತಿ ಇಲ್ಲ. ಇರುವ ಭ್ರೂಣಗಳಲ್ಲಿ ಯಾವುದನ್ನು ಗರ್ಭಕೋಶಕ್ಕೆ ಸೇರಿಸಬಹುದು, ಯಾವುದನ್ನು ಬಿಡಬೇಕು ಎಂದು ವಿಂಗಡಿಸುವುದಷ್ಟೇ ಅದರ ಕೆಲಸ. ಸೇರಿಸಬಹುದಾದದ್ದು ಒಂದೂ ಇಲ್ಲದಿದ್ದರೆ ಅದನ್ನೂ ಅದು ಹೇಳುತ್ತದೆ, ಮತ್ತು ಆ ಮಾತನ್ನು ದಂಪತಿಗೆ ಮುಟ್ಟಿಸಬೇಕಾದವರು ನಾವು.

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ಪರೀಕ್ಷೆಗಳು ನಡೆಯುತ್ತವೆ. ತಂದೆತಾಯಿಯರಲ್ಲಿ ಈಗಾಗಲೇ ಪತ್ತೆಯಾಗಿರುವ ನಿರ್ದಿಷ್ಟ ವಂಶವಾಹಿ ದೋಷವೊಂದು ಭ್ರೂಣಕ್ಕೆ ಬಂದಿದೆಯೇ ಎಂದು ನೋಡುವುದು ಪಿಜಿಟಿ-ಎಂ; ವರ್ಣತಂತುಗಳ ಸಂಖ್ಯೆ ಹೆಚ್ಚುಕಡಿಮೆ ಆಗಿದೆಯೇ ಎಂದು ಎಣಿಸುವುದು ಪಿಜಿಟಿ-ಎ. ಮೊದಲನೆಯದರ ಉಪಯುಕ್ತತೆಯ ಬಗ್ಗೆ ನನಗೆ ಅನುಮಾನವಿಲ್ಲ. ಎರಡನೆಯದನ್ನು ಬಂದವರಿಗೆಲ್ಲ ಬರೆದುಕೊಡುವ ರೂಢಿಯ ಬಗ್ಗೆ ಸಾಕಷ್ಟು ಅನುಮಾನವಿದೆ.

ಪಿಜಿಟಿ-ಎಂ ಹೇಗೆ ನಡೆಯುತ್ತದೆ ಎಂಬುದಕ್ಕೆ ಉತ್ತರ ಕರ್ನಾಟಕದ ಕಡೆಯಿಂದ ಬಂದ ದಂಪತಿಯೊಬ್ಬರ ಪ್ರಕರಣವನ್ನು ಹೇಳುತ್ತೇನೆ. ಸೋದರತ್ತೆಯ ಮಗನನ್ನೇ ಮದುವೆಯಾದ ಆಕೆಯೂ ಆಕೆಯ ಗಂಡನೂ ಬೀಟಾ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರು, ಅಂದರೆ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ದೋಷವಿರುವವರು. ಮೊದಲ ಮಗುವಿಗೆ ಕಾಯಿಲೆಯ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್. ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು, ರಕ್ತದೊಂದಿಗೆ ಮೈಯಲ್ಲಿ ಸೇರಿಕೊಳ್ಳುವ ಕಬ್ಬಿಣದ ಅಂಶವನ್ನು ಹೊರಹಾಕಲು ಬೇರೆ ಔಷಧಿ ಕೊಡಬೇಕು. ಇಬ್ಬರೂ ವಾಹಕರಾದಾಗ ಪ್ರತಿಯೊಂದು ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ 25%, ಮಗು ವಾಹಕವಾಗುವ ಸಂಭವ 50%. ಎರಡನೆಯ ಸಲ ಬಸಿರಿನಲ್ಲೇ ಪರೀಕ್ಷೆ ಮಾಡಿಸಿ, ಕಾಯಿಲೆ ಇದೆಯೆಂದು ತಿಳಿದು ಗರ್ಭಪಾತ ಮಾಡಿಸಿಕೊಂಡಿದ್ದ ಆಕೆ ಮತ್ತೊಮ್ಮೆ ಅದನ್ನು ಅನುಭವಿಸಲು ಸಿದ್ಧರಿರಲಿಲ್ಲ.

ಇಂಥ ಪ್ರಕರಣಗಳಲ್ಲಿ ಅಂಡಾಣು ತೆಗೆಯುವುದಕ್ಕೆ ಎಷ್ಟೋ ವಾರ ಮುಂಚೆಯೇ ಕೆಲಸ ಆರಂಭವಾಗುತ್ತದೆ. ಒಂದು ಜೀವಕೋಶದಲ್ಲಿರುವ ಡಿಎನ್ಎ ಸುಮಾರು 6 ಪಿಕೊಗ್ರಾಂ ಮಾತ್ರ (ಒಂದು ಪಿಕೊಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು). ಐದಾರು ಕೋಶಗಳದ್ದನ್ನು ಕೂಡಿಸಿದರೂ ನೇರವಾಗಿ ಓದಲು ಸಾಲದು, ಹಾಗಾಗಿ ಅದನ್ನು ಹಲವು ಲಕ್ಷಪಟ್ಟು ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಹೆಚ್ಚಿಸುವಾಗ ತಾಯಿಯ ಪ್ರತಿಯೋ ತಂದೆಯ ಪ್ರತಿಯೋ ಕೆಲವೊಮ್ಮೆ ಬಿಟ್ಟುಹೋಗುತ್ತದೆ, ಮತ್ತು ಆಗ ವಾಹಕ ಭ್ರೂಣವು ಪೂರ್ಣ ಆರೋಗ್ಯವಂತವೆಂದೋ ರೋಗಗ್ರಸ್ತವೆಂದೋ ಕಾಣಿಸಬಹುದು. ಆದ್ದರಿಂದ ದೋಷವೊಂದನ್ನೇ ನೆಚ್ಚಿಕೊಳ್ಳದೆ, 11ನೆಯ ವರ್ಣತಂತುವಿನಲ್ಲಿ ಆ ವಂಶವಾಹಿಯ ಎರಡೂ ಬದಿಗಿರುವ ಡಿಎನ್ಎ ಗುರುತುಗಳನ್ನು ಕುಟುಂಬದವರ ರಕ್ತದಲ್ಲಿ ಮೊದಲೇ ಪತ್ತೆಮಾಡಿಟ್ಟುಕೊಳ್ಳುತ್ತೇವೆ. ಇದಕ್ಕೆ ಗಂಡ, ಹೆಂಡತಿ ಮತ್ತು ಕಾಯಿಲೆಯಿರುವ ಮಗು, ಮೂವರ ರಕ್ತವೂ ಬೇಕು. ಸೋದರಿಕೆಯಲ್ಲಿ ಮದುವೆಯಾದವರಲ್ಲಿ ಈ ಹಂತ ಇನ್ನಷ್ಟು ತೊಡಕಿನದು: ಇಬ್ಬರಿಗೂ ಒಂದೇ ಅಜ್ಜಅಜ್ಜಿಯಿಂದ ಬಂದ ತುಣುಕಾದ್ದರಿಂದ ಗುರುತುಗಳೂ ಒಂದೇ ಆಗಿರುತ್ತವೆ, ದೋಷವಿರುವ ಪ್ರತಿಯನ್ನೂ ಇಲ್ಲದ ಪ್ರತಿಯನ್ನೂ ಬೇರ್ಪಡಿಸಿ ತೋರಿಸುವ ಗುರುತುಗಳು ಸುಲಭವಾಗಿ ಸಿಗುವುದಿಲ್ಲ. ಈ ದಂಪತಿಯ ವಿಷಯದಲ್ಲಿ ಅಜ್ಜಅಜ್ಜಿಯರ ರಕ್ತವನ್ನೂ ತರಿಸಿಕೊಳ್ಳಬೇಕಾಯಿತು.

ಅಂಡಾಣುವಿನ ಫಲೀಕರಣವನ್ನು ಇಕ್ಸಿ ವಿಧಾನದಲ್ಲೇ, ಅಂದರೆ ಒಂದು ಅಂಡಾಣುವಿಗೆ ಒಂದೇ ವೀರ್ಯಾಣುವನ್ನು ಚುಚ್ಚಿ, ಮಾಡುತ್ತೇವೆ. ಅಂಡಾಣುವಿನ ಹೊರಕವಚಕ್ಕೆ ಬೇರೆ ವೀರ್ಯಾಣುಗಳು ಅಂಟಿಕೊಂಡಿದ್ದರೆ ಅವುಗಳ ಡಿಎನ್ಎ ಪರೀಕ್ಷೆಯಲ್ಲಿ ಬೆರೆತುಹೋಗುತ್ತದೆ. ಅಂಡಾಣುವನ್ನು ಸುತ್ತುವರಿದ ತಾಯಿಯ ಕ್ಯುಮುಲಸ್ ಕೋಶಗಳನ್ನು ಒಂದೂ ಬಿಡದಂತೆ ತೆಗೆಯುವುದೂ ಇದೇ ಕಾರಣಕ್ಕೆ.

ಐದನೆಯ ಅಥವಾ ಆರನೆಯ ದಿನ, ಭ್ರೂಣವು ನೂರಕ್ಕೂ ಮಿಕ್ಕಿದ ಕೋಶಗಳ ಬ್ಲಾಸ್ಟೊಸಿಸ್ಟ್ ಆದಾಗ ಬಯಾಪ್ಸಿ, ಅಂದರೆ ಪರೀಕ್ಷೆಗಾಗಿ ಕೆಲವು ಕೋಶಗಳನ್ನು ತೆಗೆಯುವುದು. ಸೂಕ್ಷ್ಮದರ್ಶಕದ ಕೆಳಗೆ ಎಡಗಡೆಯ ಪಿಪೆಟ್ಟಿನಿಂದ ಭ್ರೂಣವನ್ನು ಹಿಡಿದು, ಮುಂದೆ ಮಗುವಾಗುವ ಒಳಗಿನ ಕೋಶಗುಚ್ಛವು ಬಯಾಪ್ಸಿಯ ಜಾಗದಿಂದ ದೂರಕ್ಕೆ ಬರುವಂತೆ ತಿರುಗಿಸಿಕೊಳ್ಳುತ್ತೇನೆ. ಲೇಸರ್‌ನಿಂದ ಕವಚದಲ್ಲಿ ಮಾಡಿದ ಕಿಂಡಿಯ ಮೂಲಕ, ಮುಂದೆ ಮಾಸು ಆಗುವ ಹೊರಪದರದ ಐದರಿಂದ ಎಂಟು ಕೋಶಗಳನ್ನು ಬಲಗಡೆಯ ಪಿಪೆಟ್ಟಿಗೆ ಎಳೆದುಕೊಂಡು, ಕೋಶಗಳು ಕೂಡುವ ಗೆರೆಗೆ ಮಾತ್ರ ಲೇಸರ್ ಹಾಯಿಸಿ ಬಿಡಿಸುತ್ತೇನೆ. ಲೇಸರ್ ಹೆಚ್ಚಾದರೆ ಕೋಶದ ಡಿಎನ್ಎ ಕೆಡುತ್ತದೆ, ಎಳೆತ ಹೆಚ್ಚಾದರೆ ಕೋಶವೇ ಒಡೆಯುತ್ತದೆ. ಕೋಶಗಳು ಕಳಚಿಕೊಂಡ ಮೇಲೆ ಭ್ರೂಣ ಗಾಳಿ ಹೋದಂತೆ ಕುಗ್ಗುತ್ತದೆ. ಅದು ಮತ್ತೆ ಉಬ್ಬುವ ಮೊದಲೇ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಒಂದೊಂದನ್ನೂ ಬೇರೆಬೇರೆ ಕಡ್ಡಿಯಲ್ಲಿ ಹೆಪ್ಪುಗಟ್ಟಿಸುತ್ತೇವೆ.

ಕಣ್ಣಿಗೆ ಕಾಣದ ಆ ಕೋಶಗಳನ್ನು ತೊಳೆದು ಪುಟ್ಟ ಪಿಸಿಆರ್ ಟ್ಯೂಬಿಗೆ ಹಾಕುವ ಕೆಲಸ ನನ್ನ ಮಟ್ಟಿಗೆ ಬಯಾಪ್ಸಿಗಿಂತ ಕಠಿಣ. ಟ್ಯೂಬಿನ ಮೇಲಿನ ಸಂಖ್ಯೆಯನ್ನೂ ಭ್ರೂಣದ ಕಡ್ಡಿಯ ಸಂಖ್ಯೆಯನ್ನೂ ಇನ್ನೊಬ್ಬರು ಗಟ್ಟಿಯಾಗಿ ಓದಿ ಸಹಿ ಹಾಕದೆ ಮುಂದಿನ ಭ್ರೂಣವನ್ನು ಮುಟ್ಟುವುದಿಲ್ಲ. ಕೋಶ ತೊಳೆದ ದ್ರವದ ಹನಿಯನ್ನೂ ಪ್ರತ್ಯೇಕ ಟ್ಯೂಬಿನಲ್ಲಿ ಕಳಿಸುತ್ತೇವೆ. ಅದರಲ್ಲಿ ಡಿಎನ್ಎ ಕಂಡರೆ ಎಲ್ಲೋ ಹೊರಗಿನದು ಬೆರೆತಿದೆ ಎಂದರ್ಥ.

ವರದಿ ಬಂದಾಗ ಕೆಲವು ಭ್ರೂಣಗಳು ರೋಗಗ್ರಸ್ತ, ಎರಡು ವಾಹಕ, ದೋಷವೇ ಇಲ್ಲದ್ದು ಒಂದೂ ಇರಲಿಲ್ಲ. ವಾಹಕವೆಂದರೆ ಅರೆಕಾಯಿಲೆ ಎಂದುಕೊಂಡ ಗಂಡ ಇನ್ನೊಂದು ಸುತ್ತು ಚಿಕಿತ್ಸೆಗೆ ತಯಾರಾದರು. ನೀವಿಬ್ಬರೂ ವಾಹಕರೇ ಅಲ್ಲವೇ, ನಿಮಗೆ ಇಷ್ಟು ವರ್ಷ ಏನಾಗಿದೆ ಎಂದು ನಮ್ಮ ವೈದ್ಯರು ಕೇಳಿದ ಮೇಲೆ ವಾಹಕ ಭ್ರೂಣವನ್ನು ಸೇರಿಸಲು ಒಪ್ಪಿದರು. ಜೊತೆಗೆ ಬಂದಿದ್ದ ಅತ್ತೆಯವರ ಪ್ರಶ್ನೆ ಬೇರೆ ಇತ್ತು: "ಇಷ್ಟೆಲ್ಲಾ ನೋಡ್ತೀರಿ, ಗಂಡೋ ಹೆಣ್ಣೋ ಗೊತ್ತಾಗೂದಿಲ್ಲೇನ್ರಿ ಮೇಡಂ?" ವರ್ಣತಂತುಗಳನ್ನು ಓದುವವರಿಗೆ ಅದು ಗೊತ್ತಾಗದೆ ಇರುವುದಿಲ್ಲ. ಆದರೆ 1994ರ ಪ್ರಸವಪೂರ್ವ ಪತ್ತೆ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿಯಂತೆ ಲಿಂಗವನ್ನು ತಿಳಿಸುವುದೂ ಆಯ್ಕೆ ಮಾಡುವುದೂ ಅಪರಾಧ. ಅದಕ್ಕೇ ನಮಗೆ ಬರುವ ವರದಿಯಲ್ಲಿ ಆ ಮಾಹಿತಿ ಇರುವುದೇ ಇಲ್ಲ. ಗರ್ಭ ನಿಂತ ಮೇಲೆ 11ರಿಂದ 13ನೆಯ ವಾರದೊಳಗೆ ಮಾಸಿನ ಮಾದರಿ ತೆಗೆದು ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕೆಂದೂ ಬರೆದುಕೊಟ್ಟೆವು, ಏಕೆಂದರೆ ಐದಾರು ಕೋಶಗಳ ಪರೀಕ್ಷೆ ನೂರಕ್ಕೆ ನೂರು ಅಲ್ಲ. ಆಕೆ ಅದನ್ನು ಮಾಡಿಸಿಕೊಂಡರು; ಫಲಿತಾಂಶ ನಮ್ಮ ವರದಿಯಂತೆಯೇ ಬಂತು.

ಇನ್ನು ಪಿಜಿಟಿ-ಎ. ವಯಸ್ಸಾದಂತೆ ಅಂಡಾಣುಗಳಲ್ಲಿ ವರ್ಣತಂತುಗಳ ಏರುಪೇರು ಹೆಚ್ಚುವುದು ನಿಜ, ಮತ್ತು 38 ದಾಟಿ ಹಲವು ಗರ್ಭಪಾತಗಳನ್ನು ಕಂಡವರಿಗೆ ಇದರಿಂದ ಅನುಕೂಲವಾದದ್ದನ್ನು ನೋಡಿದ್ದೇನೆ. ಆದರೆ 2021ರಲ್ಲಿ ಚೀನಾದಿಂದ ಪ್ರಕಟವಾದ, 20ರಿಂದ 37 ವರ್ಷದ 1212 ಮಹಿಳೆಯರ ಅಧ್ಯಯನದಲ್ಲಿ ಮಗು ಹುಟ್ಟಿದ ಪ್ರಮಾಣ ಪರೀಕ್ಷೆ ಮಾಡಿಸಿದವರಲ್ಲಿ 77.2%, ಮಾಡಿಸದವರಲ್ಲಿ 81.8%. ಮೂವತ್ತರ ಒಳಗಿನವರಿಗೂ ಇದನ್ನು ಪ್ಯಾಕೇಜಿನೊಳಗೆ ಸೇರಿಸಿ ಮಾರುವುದು ನನಗೆ ಸರಿಕಾಣುವುದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ಆದರೆ ಮೊಸಾಯಿಕ್ ಭ್ರೂಣದಲ್ಲಿ ಕೆಲವು ಕೋಶ ಸರಿ, ಕೆಲವು ಸರಿಯಿಲ್ಲ. ಹೊರಪದರದ ತುಣುಕಿನಲ್ಲಿ ಕಂಡದ್ದು ಒಳಗಿನ ಕೋಶಗುಚ್ಛದಲ್ಲೂ ಇರಬೇಕೆಂದಿಲ್ಲ. ಇಂಥ ಭ್ರೂಣಗಳಿಂದ ಆರೋಗ್ಯವಂತ ಮಕ್ಕಳು ಹುಟ್ಟಿದ್ದು 2015ರಲ್ಲೇ ವರದಿಯಾಗಿದೆ. ಹಾಗಾಗಿ ಪಿಜಿಟಿ-ಎ ಬೇಕೆಂದು ಬಂದವರಿಗೆ ಬ್ಲಾಸ್ಟೊಸಿಸ್ಟ್‌ಗಳು ಎಷ್ಟಾಗುತ್ತವೆಂದು ಕಾದು ನೋಡೋಣ ಎನ್ನುತ್ತೇನೆ. ವಯಸ್ಸು ಕಡಿಮೆಯಿದ್ದು ಭ್ರೂಣ ಒಂದೋ ಎರಡೋ ಇದ್ದರೆ ಬಯಾಪ್ಸಿ ಬೇಡ, ನೇರವಾಗಿ ಗರ್ಭಕೋಶಕ್ಕೆ ಸೇರಿಸೋಣ ಎಂಬುದು ನನ್ನ ಸಲಹೆ.