ಕತ್ತರಿಗೆ ಸಾಣೆ ಒಂದೇ ಕಡೆ

ಮಳೆ ಮುಗಿದು ಗುಲಾಬಿ ಸವರುವ ಸಮಯ. ಎದುರುಮನೆ ಅಂಕಲ್ ಗೇಟಿನ ಹತ್ತಿರ ನಿಂತು ಕರೆದರು. ಕೈಯಲ್ಲಿ ಗಿಡ ಸವರುವ ಕತ್ತರಿ.

"ನೋಡಮ್ಮಾ, ಸಾಣೆಯವರಿಗೆ ಕೊಟ್ಟು ಎರಡೂ ಕಡೆ ಹಿಡಿಸಿದೀನಿ. ಫಳಫಳ ಅಂತಿದೆ. ಆದ್ರೂ ಕಡ್ಡಿ ಕಟ್ ಆಗಲ್ಲ, ಮಧ್ಯದಲ್ಲಿ ಮಡಚಿಕೊಂಡುಬಿಡತ್ತೆ."

ಕತ್ತರಿಯ ಬಾಯಿ ಮುಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಅಲಗಿಗೂ ಕೊಕ್ಕೆಗೂ (ಕಡ್ಡಿಯನ್ನು ಹಿಡಿದುಕೊಳ್ಳುವ ಎದುರಿನ ಬಾಗಿದ ತುಂಡು) ನಡುವಿನ ಸಂದಿಯಲ್ಲಿ ಅವರ ಮನೆಯ ಸಿಂಟೆಕ್ಸ್ ಟ್ಯಾಂಕ್ ಕಾಣುತ್ತಿತ್ತು. ಎಡವಟ್ಟಾಗಿದ್ದು "ಎರಡೂ ಕಡೆ" ಎನ್ನುವಲ್ಲೇ. ನಮ್ಮ ಬೀದಿಯಲ್ಲಿ ಹೀಗೆ ಕೆಟ್ಟ ಕತ್ತರಿ ಇದು ಮೂರನೆಯದು. ಮೊದಲನೆಯದನ್ನು ಕೆಡಿಸಿದವಳು ನಾನೇ, ಹಾಗಾಗಿ ಅಂಕಲ್‌ಗೆ ಬೈಯುವ ಹಕ್ಕು ನನಗಿಲ್ಲ.

ಕೊಳ್ಳುವಾಗ

ಗಿಡ ಸವರುವ ಕತ್ತರಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಬೈಪಾಸ್. ಬಾಗಿದ ಅಲಗು ಕೊಕ್ಕೆಯನ್ನು ಉಜ್ಜಿಕೊಂಡು ಪಕ್ಕದಲ್ಲಿ ಜಾರಿ ಹೋಗುತ್ತದೆ, ಮಾಮೂಲಿ ಕತ್ತರಿ ಥರ. ಇನ್ನೊಂದು ಆನ್ವಿಲ್. ನೇರ ಅಲಗು ಬಂದು ಚಪ್ಪಟೆ ಪಟ್ಟಿಯ ಮೇಲೆ ಕೂರುತ್ತದೆ, ಮಣೆಯ ಮೇಲೆ ಚಾಕು ಒತ್ತಿದ ಹಾಗೆ. ಒಣಕಡ್ಡಿಗೆ ಆನ್ವಿಲ್ ಸರಿ. ಹಸಿ ಕಡ್ಡಿಯನ್ನು ಅದು ಕತ್ತರಿಸುವುದಕ್ಕಿಂತ ಜಾಸ್ತಿ ಜಜ್ಜುತ್ತದೆ. ಜಜ್ಜಿದ ಗುಲಾಬಿ ಕಡ್ಡಿ ಬೇಗ ಮಾಯುವುದಿಲ್ಲ. ಆ ಗಾಯದಿಂದ ರೋಗ ಒಳಗೆ ಹೋಗಿ, ಕಡ್ಡಿ ತುದಿಯಿಂದ ಕೆಳಕ್ಕೆ ಕಪ್ಪಾಗುತ್ತಾ ಒಣಗುತ್ತದೆ. ಮನೆಗೆ ಒಂದೇ ಕತ್ತರಿ ಎಂದರೆ ಬೈಪಾಸೇ ಇರಲಿ. ಇದರಲ್ಲಿ ನನ್ನ ಹತ್ತಿರ ಚರ್ಚೆ ಇಲ್ಲ.

ಅಂಗಡಿಯಲ್ಲಿ ಮೂರು ವಿಷಯ ನೋಡಿ. ನಡುವೆ ಇರುವುದು ನಟ್ಟೋ, ರಿವೆಟ್ಟೋ? ರಿವೆಟ್ ಆದರೆ ವಾಪಸ್ ಕೊಡಿ. ಬಿಚ್ಚಲಾಗದ ಕತ್ತರಿಯನ್ನು ಸರಿಯಾಗಿ ತೊಳೆಯಲೂ ಆಗದು, ಮಸೆಯಲೂ ಆಗದು. ಎರಡನೆಯದು, ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ಅಲಗು-ಕೊಕ್ಕೆ ನಡುವೆ ಸಂದಿ ಕಾಣಬಾರದು. ಮೂರನೆಯದು ನಿಮ್ಮ ಕೈ. ಪೂರ್ತಿ ತೆರೆದ ಹಿಡಿ ಬೆರಳುಗಳ ಅಳತೆಗೆ ಸಿಗಬೇಕು. ಚಿಕ್ಕ ಕೈಯವರು ದೊಡ್ಡ ಕತ್ತರಿ ಹಿಡಿದು ಹತ್ತು ಗಿಡ ಸವರಿದರೆ ರಾತ್ರಿ ಚಪಾತಿ ಹಿಟ್ಟು ಕಲಸಲು ಆಗುವುದಿಲ್ಲ.

ಸ್ವಿಟ್ಜರ್ಲೆಂಡಿನ ಫೆಲ್ಕೊ ಕಂಪನಿಯ ಎರಡನೇ ನಂಬರ್ ಮಾಡೆಲ್ 1948ರಲ್ಲಿ ಬಂದದ್ದು, ಇವತ್ತಿಗೂ ಮಾರಾಟದಲ್ಲಿದೆ. ಅಲಗು, ಸ್ಪ್ರಿಂಗ್, ನಟ್ಟು ಎಲ್ಲ ಬಿಡಿಯಾಗಿ ಸಿಗುತ್ತವೆ ಎನ್ನುವುದೇ ಅದರ ಗುಟ್ಟು. ಆದರೆ ಬೆಲೆ ಸಾವಿರಗಳಲ್ಲಿ. ಐದಾರು ಕುಂಡ ಇಟ್ಟುಕೊಂಡವರಿಗೆ ಅದು ಬೇಡ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಸಾಧಾರಣ ಬೆಲೆಯ ದೇಸಿ ಕತ್ತರಿ ಸಾಕು, ಹೈ ಕಾರ್ಬನ್ ಸ್ಟೀಲ್ ಆಗಿದ್ದರೆ. ತುಕ್ಕು ಹಿಡಿಯುತ್ತದೆ, ನಿಜ. ಆದರೆ ಮಸೆದರೆ ಹರಿತ ಬರುತ್ತದೆ. ಸ್ಟೇನ್‌ಲೆಸ್ ಎಂದು ಬರೆದ ಅಗ್ಗದ ಕತ್ತರಿ ಹೊಳೆಯುತ್ತಲೇ ಇರುತ್ತದೆ, ಕತ್ತರಿಸುವುದಿಲ್ಲ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಮಳಿಗೆಯೊಂದರಲ್ಲಿ ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಮಾರುವವರು ರಟ್ಟು, ಪೈಪು ಎಲ್ಲ ಕಚಕಚ ಕತ್ತರಿಸಿ ತೋರಿಸಿದರು. ಮನೆಗೆ ಬಂದು ಮೂರನೇ ದಾಸವಾಳದ ಕೊಂಬೆಗೆ ಸ್ಪ್ರಿಂಗ್ ಹಾರಿ ಚರಂಡಿ ಸೇರಿತು. ನೀವು ಕೊಳ್ಳುವುದಾದರೆ ರಟ್ಟಲ್ಲ, ಹಸಿ ಕಡ್ಡಿ ಕತ್ತರಿಸಿ ತೋರಿಸಲು ಕೇಳಿ.

ಹೆಬ್ಬೆರಳಿಗಿಂತ ದಪ್ಪ ಕೊಂಬೆಗೆ ಕತ್ತರಿ ಹಾಕಬೇಡಿ, ಕೈಗರಗಸ ತನ್ನಿ. ಅದರ ಹಲ್ಲಿನ ತುದಿ ಕಪ್ಪುನೀಲಿ ಬಣ್ಣಕ್ಕಿದ್ದರೆ ಅದನ್ನು ಶಾಖ ಕೊಟ್ಟು ಗಟ್ಟಿ ಮಾಡಿದ್ದಾರೆ ಎಂದರ್ಥ. ಅರ ಹಾಕಿ ಹರಿತ ಮಾಡಲು ಆಗದು. ಮೊಂಡಾದರೆ ಬ್ಲೇಡನ್ನೇ ಬದಲಿಸಬೇಕು. ಹಾಗೆಯೇ, ಗರಗಸ ಬಂತೆಂದು ಮನೆ ಮುಂದಿನ ಬೀದಿಮರದ ಮೇಲೆ ಕೈ ಹಾಕಬೇಡಿ. ಅದಕ್ಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ರಾಜ್ಯದಲ್ಲಿ ಇದಕ್ಕೆಂದೇ 1976ರ ಕಾಯ್ದೆ ಇದೆ.

ದಿನದ ಆರೈಕೆ

ಕೆಲಸ ಮುಗಿದ ಮೇಲೆ ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಒಳಗಿಡಿ. ಅಷ್ಟೇ. ಬಾಲ್ಕನಿಯ ಕುಂಡದ ಮಣ್ಣಿಗೆ ಚುಚ್ಚಿ ಇಡುವವರಿದ್ದಾರೆ, ಅವರ ಬಗ್ಗೆ ಏನೂ ಹೇಳುವುದಿಲ್ಲ.

ಎಣ್ಣೆ ಎಂದರೆ ಹೊಲಿಗೆ ಮೆಷಿನ್ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ. ಡಿಸೆಂಬರ್ ಚಳಿಗೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಕೀಲಿನೊಳಗೆ ಸುಮ್ನೆ ಇರುತ್ತದೆಯೇ? ಧೂಳು ಸೇರಿಸಿಕೊಂಡು ಅಂಟಾಗುತ್ತದೆ. ದೇವಕಣಗಿಲೆ, ಕಣಗಿಲೆ ಥರ ಹಾಲು ಸುರಿಸುವ ಗಿಡ ಸವರುವ ಮುಂಚೆ ಮಾತ್ರ ಅಲಗಿಗೆ ತೆಳುವಾಗಿ ಎಣ್ಣೆ ಸವರಿಕೊಳ್ಳಿ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಹಚ್ಚಿಕೊಳ್ಳುತ್ತೇವಲ್ಲ, ಹಾಗೆ. ಆಗ ಯಾವ ಎಣ್ಣೆಯಾದರೂ ನಡೆಯುತ್ತದೆ, ಕೆಲಸ ಮುಗಿದ ಕೂಡಲೇ ಒರೆಸುತ್ತೀರಿ.

ರೋಗ ಬಂದ ಗಿಡ ಸವರಿದ ಮೇಲೆ ಮುಂದಿನ ಗಿಡಕ್ಕೆ ಹೋಗುವ ಮೊದಲು ಸ್ಪಿರಿಟ್‌ನಿಂದ ಅಲಗು ಒರೆಸಿ. ಕೊರೊನಾ ಕಾಲದಲ್ಲಿ ತಂದು ಉಳಿದ ಸ್ಯಾನಿಟೈಸರ್ ಇದ್ದರೆ ಅದೂ ಆಗುತ್ತದೆ, ನೀರಿನ ಥರದ್ದು, ಜೆಲ್ ಅಲ್ಲ. ಬ್ಲೀಚ್ ಬೇಡ, ಉಕ್ಕನ್ನು ತಿನ್ನುತ್ತದೆ.

ಬಿಚ್ಚುವುದು

ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಬೇಕು. ನಾನು ಆಯುಧಪೂಜೆಯ ಹಿಂದಿನ ದಿನ ಮಾಡುತ್ತೇನೆ. ಹೇಗೂ ಪೂಜೆಗೆ ಇಡಬೇಕು, ಮಳೆಯೂ ಕಡಿಮೆಯಾಗಿರುತ್ತದೆ, ಗುಲಾಬಿ ಸವರುವುದಕ್ಕೂ ಅದೇ ಸಮಯ. ಆದರೆ ಪೂಜೆಯಲ್ಲಿ ಇಟ್ಟ ಒದ್ದೆ ಅರಿಶಿನ ಕುಂಕುಮವನ್ನು ಮರುದಿನ ಒರೆಸಿ. ನಮ್ಮಮ್ಮ "ಇರಲಿ ಬಿಡು, ಒಳ್ಳೇದು" ಎಂದು ಒಂದು ವರ್ಷ ಹಾಗೇ ಬಿಡಿಸಿದರು. ದೀಪಾವಳಿ ಹೊತ್ತಿಗೆ ಕುಂಕುಮ ಇದ್ದ ಜಾಗದಲ್ಲೇ ಗುಂಡಗೆ ತುಕ್ಕು.

ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಸ್ಪ್ರಿಂಗ್ ತೆಗೆಯುವಾಗ ಮೇಲೊಂದು ಬಟ್ಟೆ ಮುಚ್ಚಿ, ಹಾರುತ್ತದೆ. ಎಲ್ಲವನ್ನೂ ಅಂಚಿರುವ ಸ್ಟೀಲ್ ತಟ್ಟೆಯಲ್ಲಿಡಿ. ಅಂಟು ಹೋಗಲು ಪಾತ್ರೆ ಸೋಪು ಮತ್ತು ಸ್ಟೀಲ್ ಜುಂಗು. ತುಕ್ಕಿದ್ದರೆ ವಿನೆಗರ್‌ನಲ್ಲಿ ಒಂದೆರಡು ಗಂಟೆ ನೆನೆಸಿ, ಉಜ್ಜಿ, ಅಡುಗೆ ಸೋಡಾ ನೀರಲ್ಲಿ ತೊಳೆದು ತಕ್ಷಣ ಒಣಗಿಸಿ. ನೆನೆಹಾಕಿ ಮರೆತು ಮಲಗಬೇಡಿ.

ಮಸೆಯುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಹೋಗೋಣ.

ಬಿಚ್ಚಿದ ಅಲಗನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಮುಖ ಪೂರ್ತಿ ಚಪ್ಪಟೆ. ಇನ್ನೊಂದು ಮುಖದಲ್ಲಿ ಬಾಯಿಯ ಉದ್ದಕ್ಕೂ ಒಂದು ಇಳಿಜಾರು ಪಟ್ಟಿ ಇರುತ್ತದೆ. ಚಪ್ಪಟೆ ಮುಖ ಕೊಕ್ಕೆಯನ್ನು ಉಜ್ಜಿಕೊಂಡು ಹೋಗುವ ಮುಖ. ಇಳಿಜಾರು ಹೊರಗಡೆ. ಮಸೆಯಬೇಕಾದ್ದು ಆ ಇಳಿಜಾರನ್ನು ಮಾತ್ರ. ಚಪ್ಪಟೆ ಮುಖಕ್ಕೂ ಇಳಿಜಾರು ಕೊಟ್ಟರೆ ಅಲಗು ಕೊಕ್ಕೆಯಿಂದ ಕೂದಲೆಳೆಯಷ್ಟು ದೂರ ಸರಿಯುತ್ತದೆ. ಆ ಸಂದಿಗೆ ಕಡ್ಡಿಯ ಸಿಪ್ಪೆ ನುಗ್ಗಿ ಮಡಚಿಕೊಳ್ಳುತ್ತದೆ. ಅಂಕಲ್ ಕತ್ತರಿಗೆ ಆಗಿದ್ದು ಇದೇ. ಅದೆಷ್ಟೇ ಹರಿತ ಇದ್ದರೂ ಪ್ರಯೋಜನವಿಲ್ಲ.

ಸಾಣೆಯವರ ತಪ್ಪು ಎನ್ನಲಾರೆ. ಚಾಕು, ಕುಡುಗೋಲು ಅವರ ಕೈಯಲ್ಲಿ ಚೆನ್ನಾಗಿಯೇ ಹದವಾಗುತ್ತವೆ. ಆದರೆ ತಿರುಗುವ ಚಕ್ರಕ್ಕೆ ಈ ತೆಳು ಅಲಗು ಕೊಡುವುದರಲ್ಲಿ ಇನ್ನೊಂದು ಅಪಾಯವಿದೆ. ಕಿಡಿ ಹಾರಿ ಅಂಚು ನೀಲಿಗೆ ತಿರುಗಿದರೆ ಉಕ್ಕಿನ ಹದ ಹೋಯಿತು ಎಂದು ಲೆಕ್ಕ. ಮೆತ್ತಗಾದ ಅಂಚು ಎರಡು ದಿನಕ್ಕೆ ಮೊಂಡು. ಕೈಯಲ್ಲೇ ಮಸೆಯಿರಿ, ಕಾಲು ಗಂಟೆಯ ಕೆಲಸ.

ಬೇಕಾದ್ದು ಚಿಕ್ಕ ಡೈಮಂಡ್ ಫೈಲ್, ಅಂದರೆ ವಜ್ರದ ಪುಡಿ ಅಂಟಿಸಿದ ಅರ. 400 ಗ್ರಿಟ್ (ನಂಬರ್ ಹೆಚ್ಚಿದಷ್ಟೂ ಅರ ನಯ) ಒಂದು, ಆಮೇಲಿನ ನಯಕ್ಕೆ 600 ಅಥವಾ ಮೇಲಿನದು ಇನ್ನೊಂದು. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯ ಚಿಕ್ಕ ಕಾರ್ಬೊರಂಡಮ್ ಮಸೆಗಲ್ಲು. ಕತ್ತರಿಯನ್ನು ಒಂದೇ ಸಲ ಎಳೆದು ಹರಿತ ಮಾಡುವ ವಿ ಆಕಾರದ ಪ್ಲಾಸ್ಟಿಕ್ ಸಾಧನಗಳು ಬರುತ್ತವೆ. ಅವು ಎರಡೂ ಕಡೆ ಕೆರೆಯುತ್ತವೆ. ಅಂಕಲ್ ಕಥೆ ಮತ್ತೆ ಶುರು.

ಈಗ ಒಂದು ಮಾರ್ಕರ್ ಪೆನ್ನಿನಿಂದ ಇಳಿಜಾರಿನ ಉದ್ದಕ್ಕೂ ಕಪ್ಪು ಬಳಿಯಿರಿ. ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಫೈಲನ್ನು ಇಳಿಜಾರಿನ ಮೇಲೆ ಕೂರಿಸಿ ಒಂದೇ ಒಂದು ಸಲ ತಳ್ಳಿ. ನೋಡಿ. ಮಸಿ ಹಿಂಭಾಗದಲ್ಲಿ ಮಾತ್ರ ಹೋಗಿದ್ದರೆ ಫೈಲು ತೀರಾ ಮಲಗಿದೆ, ಸ್ವಲ್ಪ ಎತ್ತಿ. ತುದಿಯಂಚಿನಲ್ಲಿ ಮಾತ್ರ ಹೋಗಿದ್ದರೆ ತೀರಾ ಎದ್ದಿದೆ, ತಗ್ಗಿಸಿ. ಪಟ್ಟಿಯ ಅಗಲಕ್ಕೂ ಸಮನಾಗಿ ಅಳಿಸಿದ್ದರೆ ಅದೇ ಸರಿಯಾದ ಕೋನ. ಸಾಮಾನ್ಯವಾಗಿ 20ರಿಂದ 25 ಡಿಗ್ರಿ, ಆದರೆ ಕೋನಮಾಪಕ ಹುಡುಕಬೇಡಿ. ಕಂಪನಿಯವರು ಕೊಟ್ಟ ಕೋನವನ್ನು ಮಸಿಯೇ ತೋರಿಸುತ್ತದೆ.

ಕೋನ ಸಿಕ್ಕ ಮೇಲೆ ಮಣಿಕಟ್ಟನ್ನು ಬಿಗಿಹಿಡಿದು ಬುಡದಿಂದ ತುದಿಗೆ, ಅಲಗಿನ ಬಾಗು ಹೇಗಿದೆಯೋ ಹಾಗೆ ಸಾಗಿ. ಒಂದೇ ದಿಕ್ಕು. ಹಿಂದಕ್ಕೆ ಬರುವಾಗ ಫೈಲನ್ನು ಎತ್ತಿ. ಹಿಂದೆ ಮುಂದೆ ಗರಗರ ಉಜ್ಜಿದರೆ ಕೋನ ಕುಣಿಯುತ್ತದೆ. ತುದಿ ಹತ್ತಿರ ಬಂದಾಗ ಎಲ್ಲರ ಕೈಯೂ ಜಾರಿ ತುದಿಯನ್ನು ಉರುಟು ಮಾಡುತ್ತದೆ. ಅಲ್ಲಿ ನಿಧಾನ. ಹತ್ತು ಹದಿನೈದು ಸಲ ತಳ್ಳಿ, ಆಮೇಲೆ ಹೆಬ್ಬೆರಳನ್ನು ಚಪ್ಪಟೆ ಮುಖದ ಮೇಲಿಟ್ಟು ಅಂಚಿನಿಂದ ಹೊರಕ್ಕೆ ಮೆಲ್ಲಗೆ ಎಳೆಯಿರಿ. ಅಂಚಿನ ಉದ್ದಕ್ಕಲ್ಲ, ಕುಯ್ದುಕೊಳ್ಳುತ್ತೀರಿ. ಸಣ್ಣಗೆ ತರಿತರಿ ಸಿಗಬೇಕು. ಲೋಹ ಆಚೆ ಕಡೆಗೆ ಮಡಚಿದೆ ಎಂದರ್ಥ, ಇಳಿಜಾರು ಅಂಚಿನವರೆಗೂ ಮಸೆದಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಬುಡದಿಂದ ತುದಿವರೆಗೆ ಎಲ್ಲೂ ತಪ್ಪದೆ ಸಿಗುವ ತನಕ ಮುಂದುವರಿಸಿ.

ಈಗ ನಯದ ಫೈಲು. ಇಳಿಜಾರಿಗೆ ನಾಲ್ಕೈದು ಹಗುರ ಸಲ. ಆಮೇಲೆ ಅಲಗನ್ನು ತಿರುಗಿಸಿ, ಫೈಲನ್ನು ಚಪ್ಪಟೆ ಮುಖದ ಮೇಲೆ ಪೂರ್ತಿ ಮಲಗಿಸಿ ಎರಡೇ ಎರಡು ಸಲ ಸವರಿ. ತರಿ ಹೋಗುವುದಕ್ಕಷ್ಟೇ ಇದು. ಒಂದು ಕೂದಲಷ್ಟೂ ಎತ್ತಬೇಡಿ. ಕೊಕ್ಕೆಗೆ ಮಸೆಯುವುದು ಬೇಕಿಲ್ಲ, ತುಕ್ಕು ತೆಗೆದರೆ ಸಾಕು. ಆನ್ವಿಲ್ ಇಟ್ಟುಕೊಂಡವರ ಅಲಗಿಗೆ ಸಾಮಾನ್ಯವಾಗಿ ಎರಡೂ ಕಡೆ ಇಳಿಜಾರಿರುತ್ತದೆ, ಅವರು ಎರಡೂ ಕಡೆ ಸಮನಾಗಿ ಮಸೆಯಬೇಕು.

ಜೋಡಿಸಿ ನೋಡುವುದು

ಸ್ಪ್ರಿಂಗ್ ಹಾಕುವ ಮುಂಚೆ ನಟ್ಟಿನ ಬಿಗಿ ನೋಡಿ. ಹಿಡಿಗಳನ್ನು ಬಿಡಿಸಿ ಬಿಟ್ಟಾಗ ಅಲಗು ಲೊಡಲೊಡ ಬೀಳಬಾರದು, ಕಚ್ಚಿಕೊಂಡೂ ನಿಲ್ಲಬಾರದು. ಪಕ್ಕಕ್ಕೆ ಅಲ್ಲಾಡಿಸಿದರೆ ಅಲುಗಬಾರದು. ಎಷ್ಟೋ ಸಲ ಮೊಂಡು ಎಂದು ಎಸೆಯುವ ಕತ್ತರಿಯ ನಟ್ಟು ಸಡಿಲವಾಗಿರುತ್ತದೆ, ಅಷ್ಟೇ.

ದಿನಪತ್ರಿಕೆಯ ಒಂದೇ ಹಾಳೆ ಕತ್ತರಿಸಿ ನೋಡಿ, ತುದಿವರೆಗೂ ಸಿಬಿರೇಳದೆ ಹೋಗಬೇಕು. ಆಮೇಲೆ ಗಿಡ. ಅಲಗು ಗಿಡದಲ್ಲಿ ಉಳಿಯುವ ಭಾಗದ ಕಡೆ, ಕೊಕ್ಕೆ ಬಿದ್ದುಹೋಗುವ ಕಡ್ಡಿಯ ಕಡೆ ಇರಲಿ. ಕೊಕ್ಕೆ ಒತ್ತಿದ ಕಡೆ ಜಜ್ಜುವುದು ಸಹಜ, ಆ ಗಾಯ ಕಸಕ್ಕೆ ಹೋಗಲಿ. ಗುಲಾಬಿಗೆ ಗಿಡದ ಹೊರಗಡೆಗೆ ಮುಖ ಮಾಡಿದ ಚಿಗುರುಗಣ್ಣಿನ ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಿ. ನಮ್ಮೂರಿನ ಹವೆಗೆ ಸುಮಾರು 45ರಿಂದ 50 ದಿನಕ್ಕೆ ಹೂ. ಗಣರಾಜ್ಯೋತ್ಸವಕ್ಕೆ ಹೂ ಬೇಕೆನ್ನುವವರು ಡಿಸೆಂಬರ್ ಮೊದಲ ವಾರ ಸವರುತ್ತಾರೆ.

ಅಂಕಲ್ ಕತ್ತರಿಯ ಚಪ್ಪಟೆ ಮುಖವನ್ನು ಗಟ್ಟಿ ಕಲ್ಲಿನ ಮೇಲೆ ಮಲಗಿಸಿ ಆ ಸುಳ್ಳು ಇಳಿಜಾರು ಮಾಯವಾಗುವ ತನಕ ಉಜ್ಜಿದೆವು. ಮುಕ್ಕಾಲು ಗಂಟೆ, ಎರಡು ಲೋಟ ಕಾಫಿ. ಅಲಗು ಸ್ವಲ್ಪ ಸವೆದು ತೆಳುವಾಯಿತು. ಅವರೇ ಹೋಗಿ ದಾಸವಾಳದ ಒಂದು ಕಡ್ಡಿಗೆ ಹಾಕಿದರು. ಕಟಕ್ ಎಂದಿತು. ಕತ್ತರಿಸಿದ ಬಾಯಿ ಬೆಳ್ಳಗೆ, ನಯವಾಗಿ, ಹಸಿಯಾಗಿತ್ತು. ಅವರು ಇನ್ನೊಂದು ಕಡ್ಡಿ ಕತ್ತರಿಸಿದರು, ಆಮೇಲೆ ಇನ್ನೊಂದು. ಆಂಟಿ ಒಳಗಿನಿಂದಲೇ ಕೂಗಿದರು, "ಪೂಜೆಗೆ ಹೂವಾದರೂ ಉಳಿಸಿ!"