ಹುಲ್ಲು ಬೇಯಿಸಿ ಪ್ಯಾರಮೀಸಿಯಂ ಸಾಕುವುದು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನಮ್ಮ ಶಾಲೆಯ ಬೀರುವಿನಲ್ಲಿ ಪ್ಯಾರಮೀಸಿಯಂನ, ಅಂದರೆ ಕೆರೆ ನೀರಿನಲ್ಲಿ ಬದುಕುವ ಒಂದೇ ಜೀವಕೋಶದ ಪುಟ್ಟ ಜೀವಿಯ, ಒಂದು ಸ್ಲೈಡ್ ಇದೆ. ಗುಲಾಬಿ ಬಣ್ಣ ಹಾಕಿ ಅಂಟಿಸಿಟ್ಟ, ಎಂದೋ ಸತ್ತ ಜೀವಿ. ಮಕ್ಕಳು ಅದನ್ನು ಒಂದು ಸಲ ನೋಡಿ, ಪುಸ್ತಕದ ಚಿತ್ರವನ್ನೇ ನೋಡಿಕೊಂಡು ಬರೆಯುತ್ತಾರೆ. ಚಪ್ಪಲಿಯಂಥ ಆಕಾರ, ಸುತ್ತ ಸಣ್ಣ ಸಣ್ಣ ಗೀಟು, ಪಕ್ಕದಲ್ಲಿ 'ಲೋಮಾಂಗ' ಅಂತ ಹೆಸರು. ಆ ಗೀಟುಗಳು ಬಡಿಯುತ್ತವೆ, ಅದರಿಂದಲೇ ಅದು ಈಜುತ್ತದೆ, ಅದರಿಂದಲೇ ಊಟ ಬಾಯಿಗೆ ಬರುತ್ತದೆ ಅನ್ನುವುದು ಸತ್ತ ಸ್ಲೈಡಿನಲ್ಲಿ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಪ್ರತಿ ವರ್ಷ ಮಳೆಗಾಲದಲ್ಲಿ ನಾನು ಜೀವಂತವಾದದ್ದನ್ನೇ ಬೆಳೆಸುತ್ತೇನೆ. ನೀವೂ ಮನೆಯಲ್ಲೇ ಬೆಳೆಸಬಹುದು.

ಒಂದು ಹಿಡಿ ಭತ್ತದ ಒಣಹುಲ್ಲು, ಒಂದು ಲೀಟರ್ ನೀರು, ಅಗಲ ಬಾಯಿಯ ಒಂದು ಗಾಜಿನ ಜಾಡಿ ಸಾಕು. ಆದರೆ ಹುಲ್ಲಿನ ವಿಷಯದಲ್ಲಿ ಹುಷಾರಾಗಿರಿ. ನಮ್ಮದು ಭದ್ರಾ ನಾಲೆಯ ಬಯಲು, ಹುಲ್ಲಿಗೆ ಬರವಿಲ್ಲ. ಮೊದಲ ವರ್ಷ ಶಾಲೆಯ ಹಿಂದಿನ ಬಣವೆಯಿಂದ ಹುಲ್ಲು ಹಿರಿದು ತಂದು ಎರಡು ವಾರ ಕಾದೆ. ಒಂದೇ ಒಂದು ಜೀವ ಕಾಣಲಿಲ್ಲ. ಆಮೇಲೆ ವಿಚಾರಿಸಿದರೆ ಕೊಯ್ಲಿಗೆ ಸ್ವಲ್ಪ ಮುಂಚೆ ಔಷಧಿ ಹೊಡೆದಿದ್ದರಂತೆ. ಈಗ ಔಷಧಿ ಹೊಡೆಯದ ಗದ್ದೆಯ ಹುಲ್ಲನ್ನೇ ಕೇಳಿ ತರುತ್ತೇನೆ. ನಲ್ಲಿ ನೀರಾದರೆ ಅದನ್ನೂ ಒಂದು ದಿನ ತೆರೆದಿಡಿ, ಕ್ಲೋರಿನ್ ಹೋಗಲಿ. ಮಳೆ ನೀರು ಇನ್ನೂ ಒಳ್ಳೆಯದು.

ಹುಲ್ಲನ್ನು ಬೆರಳುದ್ದ ಕತ್ತರಿಸಿ 15 ನಿಮಿಷ ಕುದಿಸಿ. ನೀರು ಚಹಾದ ಬಣ್ಣಕ್ಕೆ ಬರುತ್ತದೆ. ಆರಿಸಿ, ಹುಲ್ಲಿನ ಸಮೇತ ಜಾಡಿಗೆ ಸುರಿದು, ಬಾಯಿಗೆ ತೆಳು ಬಟ್ಟೆ ಕಟ್ಟಿ ಎರಡು ದಿನ ಬಿಡಿ. ನೀರು ಕಲಗಚ್ಚಿನ ಹಾಗೆ ಮಸುಕಾದರೆ ಖುಷಿಪಡಿ. ಅದು ಬ್ಯಾಕ್ಟೀರಿಯಾ, ಪ್ಯಾರಮೀಸಿಯಂಗೆ ಅದೇ ಊಟ. ಕುದಿಸಿದರೂ ಸಾಯದ ಬೀಜಕಣಗಳು ಹುಲ್ಲಿನಲ್ಲಿ ಇರುತ್ತವೆ, ಅವು ಎಚ್ಚೆತ್ತು ಬೆಳೆಯುತ್ತವೆ.

ಈಗ ಕೆರೆ ನೀರು. ನಡುವಿನ ತಿಳಿನೀರು ಬೇಡ. ಅಂಚಿನಲ್ಲಿ, ಎಲೆ ಕೊಳೆತು ಬಿದ್ದಿರುವ ಕಡೆಯಿಂದ ಅರ್ಧ ಲೋಟ ನೀರು ತಂದು, ಕೊಳೆತ ಎಲೆಯ ಚೂರಿನ ಜೊತೆಗೇ ಜಾಡಿಗೆ ಹಾಕಿ. ಕೆರೆಗೆ ಮಕ್ಕಳನ್ನು ಮಾತ್ರ ಕಳಿಸಬೇಡಿ, ನೀವೇ ಹೋಗಿ. ಬಿಸಿಲು ನೇರ ಬೀಳದ ಬೆಳಕಿನ ಜಾಗದಲ್ಲಿ ಒಂದು ವಾರ, ಹತ್ತು ದಿನ ಇಡಿ. ಹುಲ್ಲಿನ ವಾಸನೆ ಬರುವುದು ಸಹಜ. ಕೊಳಚೆಯ ಹಾಗೆ ನಾತ ಬಂದರೆ ಹುಲ್ಲು ಜಾಸ್ತಿಯಾಗಿದೆ, ಅರ್ಧ ತೆಗೆಯಿರಿ.

ಕಾಯುವ ದಿನಗಳಲ್ಲಿ ಮಕ್ಕಳಿಗೆ ನಾನು ಲೇವನ್‌ಹುಕ್ ಕಥೆ ಹೇಳುತ್ತೇನೆ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ಮೆಣಸು ಯಾಕೆ ಖಾರ ಅಂತ ತಿಳಿಯಲು ಕಾಳುಮೆಣಸನ್ನು ನೀರಿನಲ್ಲಿ ನೆನೆಹಾಕಿದ. ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿದರೆ ಹನಿಯ ತುಂಬ ಪುಟ್ಟ ಜೀವಿಗಳು. 1676ರಲ್ಲಿ ಅದನ್ನೆಲ್ಲ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದ. ನಾವು ಸಾರಿಗೆ ಹಾಕುವ ಅದೇ ಮೆಣಸು!

ಹತ್ತನೇ ದಿನ ಜಾಡಿಯ ಹಿಂದೆ ಕಪ್ಪು ಕಾಗದ ಹಿಡಿದು ನೋಡಿ. ಬಿಳಿ ಚುಕ್ಕಿಗಳು ಓಡಾಡುತ್ತಿದ್ದರೆ ಬಂದಿವೆ ಅಂತ ಅರ್ಥ. ಪ್ಯಾರಮೀಸಿಯಂ ಕಾಡೇಟಂ ಅನ್ನುವ ಜಾತಿ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದ, ಬರಿಗಣ್ಣಿಗೂ ಸಿಗುತ್ತದೆ. ಕಡಿಮೆ ಇದ್ದರೆ ಒಂದು ಉಪಾಯವಿದೆ. ಜಾಡಿಯ ನೀರನ್ನು ಸೋಸಿ ಕಿರಿದಾದ ಕತ್ತಿನ ಬಾಟಲಿಗೆ ಕತ್ತಿನ ಬುಡದವರೆಗೆ ತುಂಬಿ. ಮೆಡಿಕಲ್ ಶಾಪಿನ ಹತ್ತಿಯನ್ನು ಒದ್ದೆ ಮಾಡಿ, ನೀರಿಗೆ ತಾಗುವ ಹಾಗೆ ಸಡಿಲವಾಗಿ ಕತ್ತಿಗೆ ತುರುಕಿ. ಅದರ ಮೇಲೆ ಶುದ್ಧ ನೀರನ್ನು ಮೆಲ್ಲಗೆ ಬಿಡಿ. ಮೇಲಕ್ಕೆ ಈಜುವುದು ಪ್ಯಾರಮೀಸಿಯಂನ ಸ್ವಭಾವ. ಬೆಳಗಾಗುವಷ್ಟರಲ್ಲಿ ಹತ್ತಿಯೊಳಗೆ ನುಸುಳಿ ತಿಳಿನೀರಿಗೆ ಬಂದಿರುತ್ತವೆ. ಕಸ ಕೆಳಗೇ ಉಳಿಯುತ್ತದೆ. ಮೇಲಿನಿಂದ ಡ್ರಾಪರಿನಲ್ಲಿ ಹನಿ ತೆಗೆಯಿರಿ.

ಸ್ಲೈಡಿನ ಮೇಲೆ ಅದೇ ಹತ್ತಿಯ ನಾಲ್ಕೈದು ಎಳೆ ಹರಡಿ, ಹನಿ ಬಿಟ್ಟು, ಕವರ್ ಸ್ಲಿಪ್ ಮುಚ್ಚಿ. ಎಳೆಗಳ ನಡುವೆ ಸಿಕ್ಕಿಕೊಂಡರೆ ಅದರ ಓಟ ನಿಲ್ಲುತ್ತದೆ. ಮೊದಲು ಮೈಕ್ರೋಸ್ಕೋಪಿನ ಕಡಿಮೆ ಪವರಿನಲ್ಲೇ ಹುಡುಕಿ.

ಇಲ್ಲಿ ಅವಸರ ಮಾಡಬೇಡಿ. ಒಂದನ್ನೇ ಹಿಡಿದು ಐದು ನಿಮಿಷ ನೋಡಿ. ತನ್ನ ಸುತ್ತ ತಾನೇ ಹೊರಳುತ್ತಾ ತಿರುಪಿನ ಹಾಗೆ ಮುಂದೆ ಹೋಗುತ್ತದೆ. ಎಳೆಗೆ ಡಿಕ್ಕಿ ಹೊಡೆದರೆ ಲೋಮಾಂಗಗಳು ಹಿಂದುಮುಂದಾಗಿ ಬಡಿಯುತ್ತವೆ. ಜೀವಿ ಹಿಂದೆ ಸರಿದು, ಸ್ವಲ್ಪ ಓರೆಯಾಗಿ, ಮತ್ತೆ ಹೊರಡುತ್ತದೆ. ಲೋಮಾಂಗ ಕಾಣಬೇಕಾದರೆ ಬೆಳಕು ಕಡಿಮೆ ಮಾಡಿ, ಸ್ಲೈಡಿನ ಕೆಳಗೆ ಬೆಳಕು ಬರುವ ಕಿಂಡಿಯನ್ನು (ಡಯಾಫ್ರಂ) ಮುಚ್ಚುತ್ತಾ ಬನ್ನಿ. ಸಾವಿರಾರು ಇರುವುದರಿಂದ ಒಂದೊಂದಾಗಿ ಎಣಿಸಲಾಗುವುದಿಲ್ಲ. ಗಾಳಿಗೆ ಭತ್ತದ ಪೈರು ಅಲೆಯಾಡುವ ಹಾಗೆ ಅಂಚು ಮಿನುಗುತ್ತದೆ. ನಮ್ಮ ಶ್ವಾಸನಾಳದ ಒಳಗೂ ಇಂಥವೇ ಇವೆ, ಕಫವನ್ನು ಮೇಲಕ್ಕೆ ತಳ್ಳುತ್ತವೆ. ಇದನ್ನು ಹೇಳಿದಾಗ ಮಕ್ಕಳು ಕತ್ತು ಮುಟ್ಟಿ ನೋಡಿಕೊಳ್ಳುತ್ತಾರೆ.

ಎರಡು ತುದಿಗಳ ಹತ್ತಿರ ಒಂದೊಂದು ರಸದಾನಿ, ಅಂದರೆ ನೀರು ತುಂಬಿಕೊಳ್ಳುವ ಪುಟ್ಟ ಚೀಲ, ಇರುತ್ತದೆ. ನಕ್ಷತ್ರದ ಹಾಗೆ ತುಂಬಿ, ಫಕ್ಕನೆ ಖಾಲಿಯಾಗುತ್ತದೆ. ಒಳಗೆ ನುಗ್ಗಿದ ನೀರನ್ನು ಹೊರಗೆ ಹಾಕುವ ಕೆಲಸ ಅದರದ್ದು. ವಾಚು ಹಿಡಿದು ನಿಮಿಷಕ್ಕೆ ಎಷ್ಟು ಸಲ ಅಂತ ಎಣಿಸಿ ಬರೆದಿಡಿ.

ಮುಗಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ. ಜಾಡಿಗೆ ಬೇಯಿಸಿದ ನಾಲ್ಕು ಗೋಧಿ ಕಾಳು ಹಾಕಿದರೆ ಇನ್ನೊಂದೆರಡು ವಾರ ನಡೆಯುತ್ತದೆ. ನೀರು ತೀರಾ ತಿಳಿಯಾಯಿತು ಅಂದರೆ ಊಟ ಮುಗಿದಿದೆ. ಹೊಸ ಹುಲ್ಲು ಕುದಿಸಿ, ಆರಿಸಿ, ಎರಡು ದಿನ ಬಿಟ್ಟು, ಹಳೆಯದರಿಂದ ಒಂದು ಲೋಟ ಬೆರೆಸಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ.